ಗೂಟದ ಗೋಡೆ

"ಇಲ್ಲಿ ಬೇಡ. ಈ ಗೋಡೆಗೆ ಬೇಡ ಅಂತ ಹೇಳ್ತಾ ಇಲ್ವಾ?"

ಎರಡೂ ಕೈ ಅಗಲಿಸಿ ಮಲ್ಲಪ್ಪ ನಡುಮನೆಯಲ್ಲಿ ಅಡ್ಡ ನಿಂತಿದ್ದ. ಬೆನ್ನು ಗೋಡೆಗೆ ತಾಗದ ಹಾಗೆ ಒಂದು ಗೇಣು ಮುಂದೆಯೇ ನಿಂತಿದ್ದ. ಬಚ್ಚಲ ಕಡೆಯಿಂದ ನಾಲ್ವರು ಶಕುಂತಲಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬಂದಿದ್ದರು. ಹೆಂಗಸರು ಆಗಷ್ಟೇ ಸ್ನಾನ ಮಾಡಿಸಿ ತವರಿನವರು ತಂದ ಬೆಣ್ಣೆ ಬಣ್ಣದ ಹೊಸ ಸೀರೆ ಉಡಿಸಿದ್ದರು. ಒರೆಸಿ ತುರುಬು ಕಟ್ಟಿದರೂ ಆರದ ಕೂದಲಿನಿಂದ ನೀರು ಇಳಿದು ಬೆನ್ನ ಮೇಲಿನ ಸೀರೆಯೆಲ್ಲ ಒದ್ದೆಯಾಗಿತ್ತು.

"ಮಲ್ಲ, ದಾರಿ ಬಿಡು," ಎಂದಳು ಅಕ್ಕ ರುದ್ರಮ್ಮ. ಬೆಳಿಗ್ಗೆಯೇ ಕೊಡ್ಲಿಪೇಟೆಯಿಂದ ಬಂದು, ಬಂದ ಗಳಿಗೆಯಿಂದ ಈ ಮನೆಯ ಯಜಮಾನಿಕೆಯನ್ನೆಲ್ಲ ತಾನೇ ವಹಿಸಿಕೊಂಡಿದ್ದಳು. "ನಮ್ಮವ್ವನ್ನ ಇಲ್ಲೇ ಕೂರಿಸಿದ್ದು. ಅಪ್ಪನ್ನೂ ಇಲ್ಲೇ. ಈ ಗೋಡೇಲಿ ಎರಡು ಗೂಟ ಹೊಡೆದಿರೋದು ಯಾಕೆ, ನಿನ್ನ ಕೊಡೆ ನೇತಾಕಕ್ಕಾ?"

"ಆ ಕಡೆ ಗೋಡೆ ಇಲ್ವಾ ಅಕ್ಕ? ಅಲ್ಲಿ ಬೆಳಕೂ ಚೆನ್ನಾಗದೆ."

"ಬೆಳಕು ಕಟ್ಕೊಂಡು ಅವಳಿಗೇನಾಗ್ಬೇಕೋ? ಅಲ್ಲಿ ಕೂರಿಸಿದ್ರೆ ಮುಖ ತೆಂಕಲಾಗ್ತದೆ. ತೆಂಕಲಿಗೆ ಮುಖ ಮಾಡಿ ಕಳಿಸಿದ್ರು ಅಂತ ಊರೋರು ಆಡ್ಕೊಳ್ಳಲ್ವಾ?"

"ಹಂಗಾದ್ರೆ ಜಗಲೀಲಿ..."

"ಜಗಲೀಲಿ ಕೂರಿಸಕ್ಕೆ ಅವಳೇನು ಹೊರಗಿನೋಳಾ? ಐವತ್ತು ವರ್ಷ ಈ ಮನೆತನಕ್ಕೆ ಬೇಯಿಸಿ ಹಾಕವ್ಳೆ."

"ಅಪ್ಪಾಜಿ," ಎಂದ ಕುರ್ಚಿಯ ಒಂದು ಕಾಲು ಹಿಡಿದಿದ್ದ ಮಗ ಪ್ರಸಾದ್. ಹಣೆಯಿಂದ ಬೆವರು ಇಳಿಯುತ್ತಿತ್ತು. "ಕೈ ಸೋಲ್ತಾ ಅದೆ. ಸ್ವಲ್ಪ ಈಚೆ ಬನ್ನಿ."

ಕಾರಣ ಹೇಳಿದ್ದರೆ ಬಹುಶಃ ಎಲ್ಲರೂ ನಿಲ್ಲುತ್ತಿದ್ದರು. ಆದರೆ ಏನೆಂದು ಹೇಳುವುದು? ಎಪ್ಪತ್ತೇಳು ವರ್ಷದ ಗಂಡಸು, ಹೆಂಡತಿ ಸತ್ತು ಒಂದು ದಿನ ತುಂಬಿಲ್ಲ, ಗೋಡೆಯ ಮೇಲಿರುವ ತನ್ನ ಚಿತ್ರ ಅಳಿಸಿಹೋಗುತ್ತದೆ ಎಂದು ಅಡ್ಡ ನಿಂತಿದ್ದಾನೆ ಎಂದು ಗೊತ್ತಾದರೆ? ಮಲ್ಲಪ್ಪ ಕೈ ಇಳಿಸಿ ಈಚೆ ಸರಿದ.

ಆ ಮನೆಯಲ್ಲಿ ಸತ್ತವರನ್ನು ಮಲಗಿಸುವ ಪದ್ಧತಿಯಿರಲಿಲ್ಲ. ಲಿಂಗ ಕಟ್ಟಿದವರು ಕೂತೇ ಹೋಗಬೇಕು. ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗವಿಟ್ಟು, ಕಂಕುಳ ಕೆಳಗೆ ಬಿಳಿ ಬಟ್ಟೆ ಹಾಯಿಸಿ ಎರಡೂ ಗೂಟಗಳಿಗೆ ಬಿಗಿದರು. ಶಕುಂತಲಮ್ಮ ಒಂದು ಸಲ ಮುಂದಕ್ಕೆ ಜೋಲಿದಳು. ಯಾರೋ ಭುಜ ಹಿಡಿದು ಹಿಂದಕ್ಕೆ ಒತ್ತಿದರು. ಬೆನ್ನು ಗೋಡೆಗೆ ಕೂತಿತು.

ಮಲ್ಲಪ್ಪ ಮುಖ ಆ ಕಡೆ ತಿರುಗಿಸಿದ. ಆ ಬೆನ್ನಿನ ಹಿಂದೆ, ಗೂಟಗಳ ಕೆಳಗಿನ ಗೋಡೆಯಲ್ಲಿ ಅವನಿದ್ದ. ಒಂದೂವರೆ ಗೇಣು ಎತ್ತರ, ತಲೆಗೆ ಹ್ಯಾಟು, ಕಂಕುಳಲ್ಲಿ ಕೊಡೆ. ಅವಳು ಕೊನೆಯ ವಾರದಲ್ಲಿ ಬರೆದದ್ದು. ಬರೀ ಮಣ್ಣು, ಬರೀ ನೀರು. ಬೆರಳು ಸೋಕಿದರೆ ಬಿಟ್ಟುಬರುವಂಥದ್ದು.

*

ಎಂಟು ವರ್ಷದ ಹಿಂದೆ ಮಡಿಕೇರಿಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಶಕುಂತಲಮ್ಮ ಕಪ್ಪು ಕನ್ನಡಕ ಬಿಚ್ಚಿದ್ದು ಇದೇ ನಡುಮನೆಯಲ್ಲಿ. ಬಿಚ್ಚಿದವಳು ಗೋಡೆ ನೋಡುತ್ತ ನಿಂತುಬಿಟ್ಟಳು.

"ಈ ಗೋಡೆ ಇಷ್ಟೊಂದು ಬೆಳ್ಳಗಿತ್ತೇನ್ರೀ?"

"ಸುಣ್ಣ ಹೊಡೆದ ಗೋಡೆ ಬೆಳ್ಳಗಿರದೆ ಇನ್ನೇನು?" ಎಂದಿದ್ದ ಮಲ್ಲಪ್ಪ.

ಆಮೇಲೆ ಕೆಲವು ವಾರ ಅವಳು ಎಲ್ಲವನ್ನೂ ಹಾಗೇ ನಿಂತು ನೋಡಿದಳು. ಒಣಗಲು ಹಾಕಿದ ಮೆಣಸಿನಕಾಯಿ, ತಂಬಿಗೆಯ ತಳ, ಕೋಳಿಯ ಕಾಲು. ಆಗ ಅವಳಿಗೆ ಅರವತ್ತಾರು. ಅಲ್ಲಿಯವರೆಗೆ ಹೊಸಿಲ ಮುಂದೆ ರಂಗೋಲಿ ಬಿಡುವಾಗಲೂ ಚುಕ್ಕಿ ಇಟ್ಟುಕೊಂಡೇ ಗೆರೆ ಎಳೆಯುತ್ತಿದ್ದವಳು. ಒಂದು ಮಧ್ಯಾಹ್ನ ಒಲೆಯ ಇದ್ದಿಲು ತಂದು, ಚುಕ್ಕಿಯಿಲ್ಲದ ಗೋಡೆಯ ಮೇಲೆ ಒಂದು ಗೆರೆ ಎಳೆದಳು. ಗೆರೆ ಬಾಗಿತು. ಬಾಗಿದ ಗೆರೆ ಒಬ್ಬ ಹೆಂಗಸಿನ ಬೆನ್ನಾಯಿತು. ಬೆನ್ನಿಗೊಂದು ಗೋಣಿ ಚೀಲ ಬಂತು.

ಚೆಟ್ಟಳ್ಳಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಮಲ್ಲಪ್ಪ ತೂಕ, ಕೂಲಿಯ ಲೆಕ್ಕ ಬರೆಯುವ ರೈಟರ್ ಆಗಿದ್ದ. ಮದುವೆಯಾದ ಮೇಲಿನ ಕಾಲವೆಲ್ಲ ಅವರಿಬ್ಬರದೂ ಅಲ್ಲಿ ಕೂಲಿಯವರು ಇರುವ ಲೈನುಗಳ ಪಕ್ಕದ ಕ್ವಾರ್ಟರ್ಸಿನಲ್ಲೇ ಕಳೆದಿತ್ತು. ರಿಟೈರ್ ಆದ ಮೇಲೆ ಶನಿವಾರಸಂತೆ ಬಳಿಯ ಅಪ್ಪನ ಮನೆಗೆ ಬಂದಿದ್ದರು. ಬರುವಾಗ ಅವಳು ಪಾತ್ರೆ ಪಗಡದ ಜೊತೆ ಇನ್ನೇನನ್ನು ತಂದಿದ್ದಾಳೆಂದು ಮಲ್ಲಪ್ಪನಿಗೆ ತಿಳಿದಿರಲಿಲ್ಲ. ಅದೆಲ್ಲ ಈಗ ಗೋಡೆಗೆ ಇಳಿಯತೊಡಗಿತು. ಹಣ್ಣು ಕೊಯ್ಯುವ ಪಿಕ್ಕಿಂಗಿನ ಹೆಂಗಸರು, ಕೆಸರಲ್ಲಿ ಹೂತ ಜೀಪು, ಅದನ್ನು ತಳ್ಳುವವರು, ಜೀಪಿನ ಹಿಂದೆ ಓಡುವ ನಾಯಿ. ಕೆಂಪಿಗೆ ಮೇಲಿನ ಹೊಲದ ಮಣ್ಣು. ಕಂದಿಗೆ ಕಾಫಿ ಸಿಪ್ಪೆ ಕುದಿಸಿದ ನೀರು. ಅರಿಶಿನ, ಸುಣ್ಣ, ಅವರೆ ಎಲೆಯ ರಸ. ಎಲ್ಲ ಬಣ್ಣಕ್ಕೂ ನುಗ್ಗೆ ಮರದ ಅಂಟನ್ನು ನೆನೆಸಿ ಬೆರೆಸುತ್ತಿದ್ದಳು. ಅದಿದ್ದರೆ ಬಣ್ಣ ಗೋಡೆ ಬಿಟ್ಟು ಹೋಗುವುದಿಲ್ಲ. ಕುಂಚಕ್ಕೆ ಈಚಲ ಕಡ್ಡಿ ಜಜ್ಜಿಕೊಳ್ಳುತ್ತಿದ್ದಳು. ಪ್ರಸಾದನ ಶೇವಿಂಗ್ ಬ್ರಷ್ಷೂ ಒಂದು ದಿನ ಮಾಯವಾಯಿತು.

"ಏನಿದು, ಮನೇನ ಅಂಗನವಾಡಿ ಮಾಡಿದ್ದೀಯಲ್ಲ?" ಎಂದು ಮಲ್ಲಪ್ಪ ರೇಗಿದ್ದ. ಅವಳು ನಾಯಿಯ ಬಾಲ ಬರೆಯುತ್ತಲೇ ಇದ್ದಳು. ಅದಕ್ಕೆ ಅವನ ಸಿಟ್ಟು ಇನ್ನೂ ಏರಿತು. "ಯಾರನ್ನ ಬೇಕಾದ್ರೂ ಬರ್ಕೋ. ನನ್ನ ಮಾತ್ರ ಆ ಗೋಡೆ ಮೇಲೆ ಹಾಕ್ಬೇಡ. ಬಂದೋರೆಲ್ಲ ನೋಡಿ ನಗ್ಬೇಕಾ?"

"ಹೂಂ," ಎಂದಳು ಶಕುಂತಲಮ್ಮ.

ಅಷ್ಟೇ. ಆ ಮಾತನ್ನು ಅವಳು ಎಂಟು ವರ್ಷ ಉಳಿಸಿಕೊಂಡಳು.

ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಸಂಜೆಯ ತೂಕದ ಚಿತ್ರ ಬಂತು. ಹಣ್ಣಿನ ಚೀಲ ಇಟ್ಟುಕೊಂಡು ಸಾಲಾಗಿ ನಿಂತ ಹೆಂಗಸರು, ನೇತುಹಾಕಿದ ತಕ್ಕಡಿ, ಒಂದು ಲಾಟೀನು. ಎಲ್ಲರೂ ಒಂದೇ ಕಡೆ ನೋಡುತ್ತಿದ್ದರು. ಅವರು ನೋಡುತ್ತಿದ್ದ ಕಡೆ ಬರೀ ಸುಣ್ಣದ ಬಿಳುಪಿತ್ತು. ಅಲ್ಲಿ ಯಾರು ನಿಂತಿರುತ್ತಿದ್ದರೆಂದು ಮಲ್ಲಪ್ಪನಿಗೆ ಗೊತ್ತಿತ್ತು. ಗೂಟದಿಂದ ಕೊಡೆ ತೆಗೆಯುವ ನೆಪದಲ್ಲಿ ದಿನವೂ ಅಲ್ಲಿಗೆ ಬಂದು, ಆ ಬಿಳುಪಿನಲ್ಲಿ ಏನಾದರೂ ಮೂಡಿದೆಯೇ ಎಂದು ನೋಡುತ್ತಿದ್ದ. ನಾಯಿ ಎರಡಾದವು. ಕೋಳಿ ಮರಿ ಮಾಡಿತು. ಆ ಜಾಗ ಹಾಗೇ ಉಳಿಯಿತು. ಗೂಟಗಳ ಕೆಳಗಿನ ಜಾಗವೂ ಹಾಗೇ ಇತ್ತು. 'ನನ್ನನ್ನೂ ಹಾಕು' ಎಂದು ಒಂದು ಸಲ ಹೇಳಿದ್ದರೆ ಸಾಕಿತ್ತು. ಅದನ್ನು ಹೇಳದೆ ಅವನು ಮಳೆಯಿಲ್ಲದಿದ್ದರೂ ಕೊಡೆ ಹಿಡಿದು ಹೊರಗೆ ಹೋಗಿಬಿಡುತ್ತಿದ್ದ.

*

ಬಿಸಿಲು ಏರಿದಂತೆ ಜನ ತುಂಬಿದರು. ಮೂಲೆಯಲ್ಲಿ ಭಜನೆಯವರು ತಾಳ ಹಾಕುತ್ತಿದ್ದರು. ಎಲ್ಲರೂ ಕೂತಿದ್ದರೂ ಮಲ್ಲಪ್ಪನಿಗೆ ಕೂರಲಾಗಲಿಲ್ಲ. ಜಗಲಿಗೆ ಹೋಗುವನು, ಬರುವನು. ಚೊಂಬಿನಲ್ಲಿ ನೀರು ತೆಗೆದುಕೊಂಡು ಕುಡಿಯದೆ ಇಡುವನು. ಬಂದು ಬಂದು ಅವಳ ಭುಜದ ಪಕ್ಕದಿಂದ ಗೋಡೆಯನ್ನು ಇಣುಕುವನು.

"ಪಾಪ, ಬಿಟ್ಟಿರಕ್ಕೆ ಆಗ್ತಾ ಇಲ್ಲ," ಎಂದು ಹೆಂಗಸರು ಪಿಸುಗುಟ್ಟಿದರು.

ಚೆಟ್ಟಳ್ಳಿಯಿಂದ ಪೊನ್ನಪ್ಪ ಬಂದ. ಎಸ್ಟೇಟಿನ ಜೀಪು ಓಡಿಸುತ್ತಿದ್ದವನು. ಅವನ ಜೊತೆಯಲ್ಲಿ ಲೈನಿನ ಮುದುಕಿ ಲಿಂಗಿಯೂ ಬಂದಿದ್ದಳು. ಕೈ ಮುಗಿದು, ಹೂವು ಹಾಕಿ, ಹಿಂದೆ ಸರಿದ ಪೊನ್ನಪ್ಪನ ಕಣ್ಣು ಗೋಡೆಗೆ ಬಿತ್ತು.

"ಎಂಥ ಮಾರಾಯ ಇದು! ನನ್ನ ಜೀಪಲ್ವಾ? ನೋಡು, ಒಡೆದ ಲೈಟು ಸಮೇತ ಉಂಟು. ನನ್ನ ನಾಯಿ! ಸತ್ತು ಎಷ್ಟು ವರ್ಷ ಆಯ್ತು ಇದು."

"ನಾನೂ ಇವ್ನಿ," ಎಂದಳು ಲಿಂಗಿ, ಮೂಗಿನ ತುದಿ ಗೋಡೆಗೆ ತಾಗುವಷ್ಟು ಬಗ್ಗಿ. "ಮೂಗುಬೊಟ್ಟೂ ಬರೆದವ್ರೆ ಅಮ್ಮಾರು. ಇದನ್ನ ಮಾರಿ ಯಾವ ಕಾಲ ಆಯ್ತು, ನಂಗೇ ಮರ್ತೋಗಿತ್ತು." ಅಳು ಬಂದು ಸೆರಗು ಬಾಯಿಗೆ ಒತ್ತಿಕೊಂಡಳು.

ಪೊನ್ನಪ್ಪ ಬೆರಳು ತೋರುತ್ತ ಗೋಡೆಯುದ್ದಕ್ಕೂ ಹುಡುಕಿದ. "ಎಲ್ಲ ಇದ್ದಾರೆ. ನೀನೆಲ್ಲಿ ಮಲ್ಲಪ್ಪ?"

"ಇದ್ದೀನಿ, ಎಲ್ಲೋ."

"ಎಲ್ಲೂ ಇಲ್ಲ ಮಾರಾಯ. ನಾಯಿ ಉಂಟು, ರೈಟರ್ ಇಲ್ಲ!" ದುಃಖದ ಮನೆಯೆಂಬುದನ್ನು ಮರೆತು ಪೊನ್ನಪ್ಪ ನಕ್ಕುಬಿಟ್ಟ. ಜೊತೆಗೆ ಇನ್ನಿಬ್ಬರು ನಕ್ಕರು. "ನಿನ್ನ ಬೈಗುಳಕ್ಕೆ ಹೆದರಿ ಹಾಕಿಲ್ಲ ಕಾಣ್ತದೆ."

ಮಲ್ಲಪ್ಪ ಮನಸ್ಸಿನಲ್ಲೇ ಅಂದುಕೊಂಡ: ಅಲ್ಲೇ ಇದ್ದೀನಿ ಕಣೋ, ಅವಳ ಬೆನ್ನ ಹಿಂದೆ. ಹೆಗಲ ಮೇಲಿನ ತೆಳು ಟವಲನ್ನು ತೆಗೆದು ನಾಲ್ಕು ಮಡಿಕೆ ಮಾಡಿದ. ಭಜನೆಯವರು ಹಾಡು ಬದಲಿಸುವ ಹೊತ್ತು ನೋಡಿ ಶಕುಂತಲಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅವಳ ಬೆನ್ನಿಗೂ ಗೋಡೆಗೂ ನಡುವೆ ಮೆಲ್ಲಗೆ ಟವಲು ತೂರಿಸತೊಡಗಿದ.

"ಏನ್ ಮಾಡ್ತಿದ್ದೀರಿ ಮಾವ?" ದೀಪಕ್ಕೆ ಎಣ್ಣೆ ಹಾಕಲು ಬಂದ ಸೊಸೆ ವಿನುತಾ ಕೇಳಿದಳು.

ಮಲ್ಲಪ್ಪ ತಡಬಡಾಯಿಸಿದ. "ಗೋಡೆ... ತಣ್ಣಗದೆ."

ವಿನುತಾ ಅವನ ಮುಖವನ್ನೇ ನೋಡಿದಳು. ಕಣ್ಣು ತುಂಬಿಕೊಂಡವು. ಎಣ್ಣೆಯ ಗಿಂಡಿ ಕೆಳಗಿಟ್ಟು, ಅತ್ತೆಯ ಭುಜವನ್ನು ಚೂರು ಮುಂದಕ್ಕೆಳೆದು ಹಿಡಿದಳು. ಟವಲು ಒಳಗೆ ಹೋಯಿತು.

ಅದು ಅಲ್ಲಿ ಹೆಚ್ಚು ಹೊತ್ತು ಉಳಿಯಲಿಲ್ಲ. "ಇದ್ಯಾಕೆ ಇವಳು ಮುಂದಕ್ಕೆ ವಾಲ್ತಾ ಅವಳೆ?" ಎನ್ನುತ್ತ ಬಂದ ರುದ್ರಮ್ಮ ಹಿಂದೆ ಕೈ ಹಾಕಿ ಟವಲನ್ನು ಸರ್ರನೆ ಎಳೆದಳು. "ಯಾರಿದು ತುರುಕಿದ್ದು? ಬುದ್ಧಿ ಬೇಡ್ವಾ?" ಶಕುಂತಲಮ್ಮನ ಎದೆಗೆ ಅಂಗೈ ಇಟ್ಟು ಗೋಡೆಗೆ ಭದ್ರವಾಗಿ ಒತ್ತಿದಳು. "ಹಾಂ. ಈಗ ನೆಟ್ಟಗೆ ಕೂತ್ಲು."

ಮಲ್ಲಪ್ಪ ನೆಲದಿಂದ ಟವಲು ಎತ್ತಿಕೊಂಡು ಹಿತ್ತಲಿಗೆ ಹೋದ. ಬಿಚ್ಚಿ ನೋಡಿದ. ಅಂಗೈಯಗಲ ಕೆಂಪು ಹತ್ತಿತ್ತು. ಕೊಡೆಯೋ, ಕಾಲೋ, ಯಾವುದೆಂದು ತಿಳಿಯುವಂತಿರಲಿಲ್ಲ.

*

ಆ ಕೊನೆಯ ವಾರ ಶಕುಂತಲಮ್ಮನಿಗೆ ನಿಲ್ಲಲು ಆಗುತ್ತಿರಲಿಲ್ಲ. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಹಾಸಿಗೆಯನ್ನು ನಡುಮನೆಗೇ ಹಾಕಿಸಿಕೊಂಡಿದ್ದಳು. ಪ್ರಸಾದ್ ಮತ್ತು ವಿನುತಾ ಶುಂಠಿ ಹೊಲಕ್ಕೆ ಹೋಗಿದ್ದ ಒಂದು ಮಧ್ಯಾಹ್ನ, "ರೀ," ಎಂದು ಕರೆದಳು. "ಸ್ವಲ್ಪ ಕೆಂಪು ಕಲಸಿಕೊಡ್ತೀರಾ?"

ಅವಳು ಬಣ್ಣ ಕಲಸುವ ತೆಂಗಿನ ಚಿಪ್ಪುಗಳನ್ನು ಮಲ್ಲಪ್ಪ ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಆದರೆ ಎಲ್ಲಿ ಏನಿದೆಯೆಂದು ತಿಳಿದಿತ್ತು. ಮೇಲಿನ ಹೊಲದ ಮೂಲೆಯಲ್ಲಿ ಅಪ್ಪ ಅವ್ವನ ಸಮಾಧಿಯ ಪಕ್ಕದಿಂದ ಅವಳು ತಂದಿಟ್ಟಿದ್ದ ಮಣ್ಣಿನ ಹೆಂಟೆಯನ್ನು ಒಡೆದು ಪುಡಿ ಮಾಡಿದ.

"ಬಟ್ಟೇಲಿ ಸೋಸಿ," ಎಂದಳು ಮಲಗಿದ್ದಲ್ಲಿಂದಲೇ. "ಹರಳು ಇರಬಾರದು."

ಸೋಸಿ, ನೀರು ಹಾಕಿ, ಕಡ್ಡಿಯಿಂದ ತಿರುಗಿಸಿದ. ಆಮೇಲೆ ನೆನೆದ ಅಂಟಿನ ಲೋಟ ಎತ್ತಿಕೊಂಡ. "ಅಂಟು ಎಷ್ಟು ಹಾಕ್ಲಿ?"

"ಇದಕ್ಕೆ ಅಂಟು ಬೇಡ."

"ಉಳಿಯಲ್ಲ ಕಣೆ ಹಂಗಾದ್ರೆ."

"ಬೇಡ ಅಂದ್ನಲ್ಲ."

ಅವನ ತೋಳು ಹಿಡಿದು ಎದ್ದು, ಗೂಟಗಳ ಕೆಳಗೆ ಗೋಡೆಗೆ ಎದುರಾಗಿ ನೆಲದ ಮೇಲೆ ಕೂತಳು. ಶೇವಿಂಗ್ ಬ್ರಷ್ಷಿನಿಂದ ಒಂದು ಉದ್ದ ಗೆರೆ ಎಳೆದಳು. ಗೆರೆಯ ತುದಿ ಕೊಕ್ಕೆಯಾಯಿತು. ಕೊಡೆ. ಅದರ ಮೇಲೊಂದು ಹ್ಯಾಟು ಬಂದಾಗ ಮಲ್ಲಪ್ಪ ಚಿಪ್ಪನ್ನು ಅವಳ ಕೈಗೆ ಎಟುಕುವಂತೆ ಇನ್ನಷ್ಟು ಹತ್ತಿರ ಹಿಡಿದ.

"ಚೂರು ಆ ಕಡೆ ತಿರುಗಿ," ಎಂದಳು ಶಕುಂತಲಮ್ಮ.

ಮಲ್ಲಪ್ಪ ಬೀದಿ ಬಾಗಿಲ ಕಡೆ ತಿರುಗಿದ. ಅವಳು ತನ್ನನ್ನು ನೋಡುತ್ತಿದ್ದಾಳೆಂದು ಕೆನ್ನೆಗೆ ಗೊತ್ತಾಗುತ್ತಿತ್ತು. ಕೆಮ್ಮು ಬಂದರೂ ತಡೆದುಕೊಂಡು ಹಾಗೇ ನಿಂತ.

ಮುಗಿದ ಮೇಲೆ ನೋಡಿದ. ಗೋಡೆಯ ಮೇಲಿನ ಮನುಷ್ಯ ಬಾಗಿಲ ಕಡೆ ಹೊರಟಿದ್ದ. ಕತ್ತಲು ಹರಿಯುವ ಮೊದಲೇ ತೋಟಕ್ಕೆ ಹೊರಡುತ್ತಿದ್ದ ದಿನಗಳಲ್ಲಿ, ಒಂದು ಸಲವೂ ತಿರುಗಿ ನೋಡದೆ ಹೋಗುತ್ತಿದ್ದ ನಡಿಗೆಯೇ ಅದು. ಅವಳ ಕೈ ಜಾರಿ ಒಂದು ಕಾಲು ಬಾಗಿ ಉದ್ದವಾಗಿತ್ತು.

"ಕಾಲು ಸೊಟ್ಟ ಬಂತು."

"ಇರ್ಲಿ ಬಿಡು. ನಂದೇನು ನೆಟ್ಟಗದಾ?"

ಶಕುಂತಲಮ್ಮ ನಕ್ಕಳು. ನಗು ಕೆಮ್ಮಾಗಿ, ಕೆಮ್ಮು ಏದುಸಿರಾಗಿ, ಅವಳನ್ನು ಎತ್ತಿ ಹಾಸಿಗೆಗೆ ಸೇರಿಸಬೇಕಾಯಿತು.

ಗೋಡೆ ತುಂಬ ಇದ್ದ ಚಿತ್ರಗಳ ನಡುವೆ ಈ ಹೊಸತನ್ನು ಮಗ ಸೊಸೆ ಗಮನಿಸಲೂ ಇಲ್ಲ. ಮಲ್ಲಪ್ಪನಿಗೆ ಮೊದಲು ಖುಷಿಯಾದದ್ದು ನಿಜ. ಆಮೇಲೆ ಒಂದು ಮುಳ್ಳು ಚುಚ್ಚತೊಡಗಿತು. ಕೋಳಿಯ ಕಾಲಿಗೂ ಅಂಟು ಹಾಕಿದವಳು ತನಗೇಕೆ ಬರೀ ನೀರು ಸಾಕೆಂದಳು? ಗೋಡೆಯ ಮೇಲಿನ ಜನರೆಲ್ಲ ಉಳಿಯಬೇಕು, ತಾನೊಬ್ಬ ಉದುರಿಹೋಗಬೇಕೆ? ಕೇಳೋಣವೆಂದು ಹಾಸಿಗೆಯ ಹತ್ತಿರ ಕೂತ. ಇವತ್ತು ಸುಸ್ತಾಗಿದ್ದಾಳೆ, ನಾಳೆ ಕೇಳೋಣ ಎಂದುಕೊಂಡ. ಆಮೇಲೆ ಅವಳಿಗೆ ಮಾತು ನಿಂತಿತು. ನಿನ್ನೆ ಸಂಜೆ ಉಸಿರೂ ನಿಂತಿತು.

*

ಅಂಗಳದಲ್ಲಿ ಅವಳನ್ನು ಕೂರಿಸಿ ಹೊರುವ ಬಿದಿರಿನ ವಿಮಾನ ತಯಾರಾಗಿತ್ತು. ನಾಲ್ಕು ಕಡೆ ಬಾಳೆಕಂದು ಕಟ್ಟಿ ಚೆಂಡುಹೂವಿನ ಮಾಲೆ ಇಳಿಬಿಟ್ಟಿದ್ದರು. ಅಯ್ನೋರು ಬಂದು ವಿಭೂತಿ ಹಚ್ಚಿ, ಮಾಡಬೇಕಾದ ಕ್ರಿಯೆಗಳನ್ನೆಲ್ಲ ಮಾಡಿ, "ಹೊತ್ತಾಯ್ತು, ಎತ್ತಿ," ಎಂದರು.

ಗೂಟದಿಂದ ಬಟ್ಟೆ ಬಿಚ್ಚಿದರು. ನಾಲ್ವರು ಶಕುಂತಲಮ್ಮನನ್ನು ಮಣೆಸಮೇತ ಮುಂದಕ್ಕೆ ಎಳೆದು ಎತ್ತಿದರು.

ಮಲ್ಲಪ್ಪ ಮೊದಲು ನೋಡಿದ್ದು ಗೋಡೆಯನ್ನು. ಗೂಟಗಳ ಕೆಳಗೆ ಮಾಸಲು ಕೆಂಪಿನ ಒಂದು ಮೋಡವಿತ್ತು. ಹ್ಯಾಟಿಲ್ಲ, ಕೊಡೆಯಿಲ್ಲ, ಸೊಟ್ಟ ಕಾಲಿಲ್ಲ. ಸುತ್ತ ಲಿಂಗಿ, ಜೀಪು, ನಾಯಿ, ತಕ್ಕಡಿ, ಸಾಲು ನಿಂತ ಹೆಂಗಸರು, ಎಲ್ಲರೂ ಇದ್ದಲ್ಲೇ ಇದ್ದರು.

"ಅಯ್ಯೋ, ಹಿಂದೆ ಸೀರೆ ಎಲ್ಲಾ ಮಣ್ಣಾಗಿದೆ!" ಎಂದಳು ವಿನುತಾ.

"ತವರಿನ ಸೀರೆ ಕಣ್ರೇ! ಹಿಂಗೇ ಕಳಿಸಕ್ಕಾಗ್ತದಾ?" ರುದ್ರಮ್ಮ ಒದ್ದೆ ಬಟ್ಟೆ ಹಿಡಿದು ಧಾವಿಸಿದಳು. "ಇಳಿಸಿ, ಇಳಿಸಿ. ಒರೆಸ್ತೀನಿ. ಹೋಗ್ಲಿಲ್ಲ ಅಂದ್ರೆ ಬೇರೆ ಸೀರೆ ಹೊದಿಸಿದ್ರಾಯ್ತು."

ಮಲ್ಲಪ್ಪ ಗೋಡೆಯಿಂದ ಕಣ್ಣು ಕಿತ್ತು ತಿರುಗಿದ. ಬೆಣ್ಣೆ ಬಣ್ಣದ ಸೀರೆಯ ಮೇಲೆ, ಎರಡು ಹೆಗಲೆಲುಬುಗಳ ನಡುವೆ, ಅವನಿದ್ದ. ಕೊಡೆಯ ಒಂದು ತುಂಡು ಟವಲಿನ ಪಾಲಾಗಿತ್ತು. ಹ್ಯಾಟು ನೆಟ್ಟಗಿತ್ತು. ಕಾಲು ಸೊಟ್ಟಗಿತ್ತು. ಗೋಡೆಯ ಮೇಲೆ ಬಾಗಿಲಿಗೆ ಮುಖ ಮಾಡಿ ಹೊರಟಿದ್ದವನು ಬಟ್ಟೆಗೆ ಇಳಿಯುವಾಗ ಎಡಬಲ ಅದಲುಬದಲಾಗಿ, ಈಗ ಮನೆಯೊಳಕ್ಕೆ ತಿರುಗಿ ಬರುವವನಂತೆ ಕಾಣುತ್ತಿದ್ದ.

"ಮುಟ್ಬೇಡ!"

ತಾಳ ನಿಂತಿತು. ರುದ್ರಮ್ಮನ ಕೈ ಗಾಳಿಯಲ್ಲೇ ಉಳಿಯಿತು. ತಮ್ಮ ತನ್ನ ಮೇಲೆ ದನಿ ಏರಿಸಿದ್ದನ್ನು ಅವನು ಹುಟ್ಟಿದಾಗಿನಿಂದ ಅವಳು ಕೇಳಿರಲಿಲ್ಲ.

"ಮಣ್ಣು ಕಣೋ ಅದು," ಎಂದಳು ಮೆಲ್ಲಗೆ.

"ಇರ್ಲಿ ಅಕ್ಕ. ಮಣ್ಣಿಗೇ ತಾನೆ ಹೋಗ್ತಾ ಇರೋದು. ಹಂಗೇ ಇರ್ಲಿ."

ಪೊನ್ನಪ್ಪ ಜನರ ನಡುವಿನಿಂದ ಕತ್ತು ಚಾಚಿ ಆ ಬೆನ್ನನ್ನು ನೋಡಿದ. ಮಲ್ಲಪ್ಪನ ಮುಖ ನೋಡಿ, ತಲೆಯ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

ಮೇಲಿನ ಹೊಲದವರೆಗೆ ವಿಮಾನ ಅಲುಗುತ್ತ ಸಾಗಿತು. ಮಗನ ಜೊತೆ ಮುಂದೆ ನಡೆಯಬೇಕಾದ ಮಲ್ಲಪ್ಪ ಹಿಂದೆ ಹಿಂದೆಯೇ ಉಳಿದ. ಮಾಲೆಗಳ ಸಂದಿಯಿಂದ ಕೆಂಪು ಕಾಣುವುದು, ಮರೆಯಾಗುವುದು, ಮತ್ತೆ ಕಾಣುವುದು. ಏರಿನಲ್ಲಿ ಹೊತ್ತವರು ಭುಜ ಬದಲಿಸಲು ನಿಂತಾಗಲೆಲ್ಲ ಅವನೂ ನಿಂತ.

ಅಪ್ಪ ಅವ್ವನ ಸಮಾಧಿಯ ಪಕ್ಕ ಗುಣಿ ತೋಡಿದ್ದರು. ಶಕುಂತಲಮ್ಮನನ್ನು ಉತ್ತರಕ್ಕೆ ಮುಖ ಮಾಡಿ ಇಳಿಸಿ ಕೂರಿಸಿದರು. ಮಲ್ಲಪ್ಪ ತೆಂಕಲ ಅಂಚಿನಲ್ಲಿ, ಅವಳ ಬೆನ್ನು ಕಾಣುವ ಕಡೆ ನಿಂತ. ವಿಭೂತಿ ಗಟ್ಟಿಗಳನ್ನು ಜೋಡಿಸಿದರು. ಬಿಲ್ವಪತ್ರೆ ಉದುರಿಸಿದರು.

"ಮೊದಲ ಮಣ್ಣು ಯಜಮಾನರದು," ಎಂದರು ಅಯ್ನೋರು.

ಮಲ್ಲಪ್ಪ ಬಗ್ಗಿ, ತೋಡಿ ಹಾಕಿದ ರಾಶಿಯಿಂದ ಒಂದು ಹಿಡಿ ಎತ್ತಿಕೊಂಡ. ಹಸಿ ಹೆಂಟೆ. ಅದನ್ನು ಬೆರಳುಗಳ ನಡುವೆ ಒಡೆದ. ಮತ್ತೆ ಒಡೆದ. ಗುಣಿಯ ಮೇಲೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಜನ ಕಾಯುತ್ತಿದ್ದರು. ಸಲಿಕೆ ಹಿಡಿದವರು ಕಾಲು ಬದಲಿಸಿ ನಿಂತರು.

"ಅಪ್ಪಾಜಿ, ಹೊತ್ತಾಗ್ತಾ ಅದೆ," ಎಂದ ಪ್ರಸಾದ್.

"ಹರಳು ಇರಬಾರದು," ಎಂದ ಮಲ್ಲಪ್ಪ.

ಹೆಗಲಿನಿಂದ ಟವಲು ತೆಗೆದು, ಕೆಂಪು ಹತ್ತಿದ ಮಡಿಕೆಯನ್ನು ಬಿಚ್ಚಿ ಹರವಿದ. ಮಣ್ಣನ್ನು ಅದರೊಳಗೆ ಹಾಕಿ ನಾಲ್ಕು ತುದಿ ಕೂಡಿಸಿ ಹಿಡಿದ. ಗುಣಿಯ ಅಂಚಿನಲ್ಲಿ ಮಂಡಿಯೂರಿ ಕೂತು, ಕೈ ಆದಷ್ಟು ಕೆಳಗೆ ಚಾಚಿ, ಮೆಲ್ಲಗೆ ಅಲುಗಿಸತೊಡಗಿದ. ಬಟ್ಟೆಯ ಎಳೆಗಳ ನಡುವಿನಿಂದ ಕೆಂಪು ಹುಡಿ ಇಳಿಯಿತು. ಮೊದಲು ಹ್ಯಾಟಿನ ಮೇಲೆ, ಆಮೇಲೆ ಮುರಿದ ಕೊಡೆಯ ಮೇಲೆ, ಅವಳ ಇನ್ನೂ ಆರದ ಕೂದಲಿನ ಮೇಲೆ.